ಗೀಟು, ಹೆಬ್ಬೆಟ್ಟು, ಅಕ್ಷರ

ಅಕ್ಷರವನ್ನು ದೇವರು ಕೊಟ್ಟ ಎಂದು ಹೇಳಿಕೊಳ್ಳದ ನಾಗರಿಕತೆಗಳು ಕಡಿಮೆ. ಈಜಿಪ್ಟಿನವರಿಗೆ ಅದನ್ನು ಕೊಟ್ಟವನು ಥೋತ್. ಬ್ಯಾಬಿಲೋನಿನ ಲಿಪಿಕಾರರ ದೇವರು ನಬು. ನಮ್ಮಲ್ಲಿ ಬ್ರಹ್ಮನಿಂದ ಬಂದದ್ದಕ್ಕೇ ಬ್ರಾಹ್ಮೀ ಎಂಬ ಹೆಸರು ಅಂತಾರೆ. ದೇವರು ಕೊಟ್ಟದ್ದು ಎಂದಮೇಲೆ ಅದನ್ನು ಬೀಗ ಹಾಕಿ ಇಟ್ಟುಕೊಳ್ಳುವ ಹಕ್ಕು ಪೂಜಾರಿಗೇ ತಾನೇ? ಈ ಕತೆಗಳ ಉಪಯೋಗವೇ ಅದು. ಆದರೆ ನೆಲ ಅಗೆದವರಿಗೆ ಸಿಕ್ಕಿರುವುದು ಬೇರೆ. ದೇವರ ರುಜು ಇದುವರೆಗೆ ಎಲ್ಲೂ ಸಿಕ್ಕಿಲ್ಲ. ಸಿಕ್ಕಿರುವುದು ಕೂಲಿ ಲೆಕ್ಕ.

ಇವತ್ತಿನ ಇರಾಕಿನ ದಕ್ಷಿಣದಲ್ಲಿ ಉರುಕ್ ಎಂಬ ಹಳೆಯ ಪಟ್ಟಣವಿತ್ತು. ಅಲ್ಲಿ ಸಿಕ್ಕಿದ, ಸುಮಾರು 5300 ವರ್ಷಗಳ ಹಿಂದಿನ ಮಣ್ಣಿನ ಹಲಗೆಗಳು ಲೋಕದ ಅತಿ ಹಳೆಯ ಬರವಣಿಗೆಗಳಲ್ಲಿ ಸೇರಿವೆ. ಅವುಗಳಲ್ಲಿ ಸ್ತೋತ್ರವಿಲ್ಲ, ಕಾವ್ಯವಿಲ್ಲ. ಬಹುಪಾಲು ಎಲ್ಲವೂ ದೇವಸ್ಥಾನದ ಉಗ್ರಾಣದ ಲೆಕ್ಕ: ಇಷ್ಟು ಬಾರ್ಲಿ ಬಂತು, ಇಷ್ಟು ಹೋಯಿತು, ಇಷ್ಟು ಆಳಿಗೆ ಇಷ್ಟು ಪಡಿ. ಪಡಿ ಎಂಬುದನ್ನು ಬರೆಯಲು ಒಂದು ಬಟ್ಟಲಿನ ಚಿತ್ರ. ತಲೆಯ ಚಿತ್ರದ ಪಕ್ಕ ಆ ಬಟ್ಟಲನ್ನಿಟ್ಟರೆ 'ಉಣ್ಣು' ಎಂದಾಯಿತು. ಹೆಂಗಸಿನ ಗುರುತಿನ ಪಕ್ಕ ಬೆಟ್ಟದ ಗುರುತನ್ನಿಟ್ಟರೆ 'ತೊತ್ತು' ಎಂದಾಯಿತು; ಬೆಟ್ಟದ ಸೀಮೆಯಿಂದ ಹಿಡಿದು ತಂದ ಹೆಂಗಸು. ಲಿಪಿ ಇನ್ನೂ ಕಣ್ಣು ಬಿಡುವಾಗಲೇ ತೊತ್ತಿಗೊಂದು ಗುರುತು ತಯಾರಾಗಿತ್ತು ಎಂಬುದನ್ನು ನಾವು ಗಮನಿಸಬೇಕು. ಬರವಣಿಗೆಯಲ್ಲಿ ದಾಖಲಾದ ಮೊದಮೊದಲ ಹೆಸರುಗಳಲ್ಲಿ ಕುಶಿಮ್ ಎಂಬುದು ಒಂದು. ಅದು ವ್ಯಕ್ತಿಯ ಹೆಸರೋ ಹುದ್ದೆಯ ಹೆಸರೋ ಎಂಬ ಚರ್ಚೆ ಇದೆ. ಏನೇ ಇರ್ಲಿ, ಅವನು ರಾಜನಲ್ಲ, ಕವಿಯಲ್ಲ, ಬಾರ್ಲಿ ಲೆಕ್ಕ ಬರೆಯುತ್ತಿದ್ದವನು. ಬಾರ್ಲಿ ಬೆಳೆದವನ ಹೆಸರು ಆ ಹಲಗೆಯಲ್ಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಹಲಗೆಯೂ ಇಲ್ಲ. ಕುರಿಗೊಂದು, ಎಣ್ಣೆಯ ಗಡಿಗೆಗೊಂದು ಎಂದು ಮಣ್ಣಿನ ಪುಟ್ಟ ಬಿಲ್ಲೆಗಳನ್ನು ಮಾಡಿ ಎಣಿಸುತ್ತಿದ್ದರು. ಆಮೇಲೆ ಬಿಲ್ಲೆಗಳನ್ನು ಮಣ್ಣಿನ ಉಂಡೆಯೊಳಗೆ ಮುಚ್ಚಿ, ಒಳಗೇನಿದೆ ಅಂತ ಗೊತ್ತಾಗಲಿ ಎಂದು ಅದೇ ಬಿಲ್ಲೆಯನ್ನು ಹೊರಗೆ ಒತ್ತಿ ಗುರುತು ಮೂಡಿಸಿದರು. ಹೊರಗಿನ ಗುರುತೇ ಸಾಕಾದಾಗ ಒಳಗಿನ ಬಿಲ್ಲೆ ಬೇಡವಾಯಿತು. ಉಂಡೆ ಚಪ್ಪಟೆಯಾಗಿ ಹಲಗೆಯಾಯಿತು. ಡೆನೀಸ್ ಶ್ಮಾಂಟ್ ಬೆಸೆರಾ ಎಂಬ ವಿದುಷಿ ದಶಕಗಳ ಕಾಲ ಈ ಬಿಲ್ಲೆಗಳನ್ನು ಎಣಿಸಿ ಕಟ್ಟಿದ ವಾದ ಇದು. ಪೂರ್ತಿ ಒಪ್ಪದವರೂ ಇದ್ದಾರೆ. ಆದರೆ ಎಣಿಕೆ ಮೊದಲು, ಅಕ್ಷರ ಆಮೇಲೆ ಎಂಬ ಮಾತಿಗೆ ಅಲ್ಲಿ ತಕರಾರು ಕಡಿಮೆ.

ಇದನ್ನು ಓದಿದಾಗ ನನಗೆ ಉರುಕ್ ದೂರದ ಊರು ಅನ್ನಿಸಲಿಲ್ಲ. ನಮ್ಮಪ್ಪ ಕುಣಿಗಲ್ ಕಡೆಯಿಂದ ಪೀಣ್ಯಕ್ಕೆ ಬಂದವನು. 1970ರ ದಶಕದಲ್ಲಿ ತುಮಕೂರು ರಸ್ತೆಯ ಬದಿ ಕೈಗಾರಿಕಾ ಪ್ರದೇಶ ಏಳುತ್ತಿದ್ದಾಗ ಶೆಡ್ಡುಗಳಿಗೆ ಕಲ್ಲು ಮಣ್ಣು ಹೊತ್ತ, ಆಮೇಲೆ ಒಬ್ಬ ಕಂತ್ರಾಟುದಾರನ ಕೈಕೆಳಗೆ ಲೋಡಿಂಗು ಮಾಡಿದ. ಓದು ಬರಹ ಇಲ್ಲ. ದಿನಾ ಸಂಜೆ ಬಂದವನು ಒಲೆಯಿಂದ ಇದ್ದಿಲು ತೆಗೆದು ಗೋಡೆ ಮೇಲೆ ಒಂದು ಗೀಟು ಎಳೆಯುತ್ತಿದ್ದ. ಅರ್ಧ ದಿನಕ್ಕೆ ಅರ್ಧ ಗೀಟು. ರಾತ್ರಿಪಾಳಿಗೆ ಗೀಟಿನ ತಲೆಗೊಂದು ಸೊನ್ನೆ. ಮುಂಗಡ ಇಸ್ಕೊಂಡ ದಿನ ಗೀಟಿಗೊಂದು ಅಡ್ಡಗೀಟು. ಹೊರಗಿನವರಿಗೆ ಅದು ಮಸಿ. ನಮ್ಮ ಮನೆಯಲ್ಲಿ ಅದನ್ನು ಎಲ್ಲರೂ ಓದುತ್ತಿದ್ದೆವು; ಒಂದಕ್ಷರ ಕಲಿಯದ ಅವ್ವ ಎಲ್ಲರಿಗಿಂತ ಬೇಗ ಓದುತ್ತಿದ್ದಳು. ತಿಂಗಳ ಕೊನೆಗೆ ಗೋಡೆಯಲ್ಲಿ ಇಪ್ಪತ್ತೆರಡು ಗೀಟು ಇದ್ದರೆ ಕಂತ್ರಾಟುದಾರನ ರಿಜಿಸ್ಟರಿನಲ್ಲಿ ಹದಿನೆಂಟು ಹಾಜರಿ. 'ಪುಸ್ತಕದಲ್ಲಿ ಇಷ್ಟೇ ಐತೆ ಕಣಯ್ಯ' ಅನ್ನುತ್ತಿದ್ದನಂತೆ ಅವನು. ಅಪ್ಪ ಹೆಬ್ಬೆಟ್ಟು ಒತ್ತಿ ಬರುತ್ತಿದ್ದ.

ಇದರಲ್ಲಿ ಲೆಕ್ಕ ಬರದವನು ಯಾರು? ಅಪ್ಪನಿಗೆ ಲೆಕ್ಕ ಬರುತ್ತಿತ್ತು, ಬರೆಯಲೂ ಬರುತ್ತಿತ್ತು. ಅವನ ಬರಹ ನಡೆಯುತ್ತಿರಲಿಲ್ಲ ಅಷ್ಟೆ. ಗೋಡೆ ರಿಜಿಸ್ಟರಿನ ಮುಂದೆ ಸಾಕ್ಷಿಯಾಗುವುದಿಲ್ಲ. 'ನಿರಕ್ಷರಿ' ಎಂಬ ಪದವನ್ನು ನಮ್ಮ ವಿಮರ್ಶಕರು ಬಹಳ ಸಲೀಸಾಗಿ ಬಳಸುತ್ತಾರೆ, ಅದೊಂದು ಕೊರತೆ ಎಂಬಂತೆ. ಅದು ಕೊರತೆಯ ಹೆಸರಲ್ಲ, ಒಂದು ಸಂಬಂಧದ ಹೆಸರು. ಯಾರ ಲೆಕ್ಕ ನಡೆಯುತ್ತದೆ, ಯಾರದ್ದು ನಡೆಯುವುದಿಲ್ಲ ಎಂಬುದೇ ಅದರ ಅರ್ಥ.

ದಕ್ಷಿಣ ಅಮೆರಿಕದ ಇಂಕಾ ಜನ ಹುರಿಗಳಲ್ಲಿ ಗಂಟು ಹಾಕಿ ಇಡೀ ಸಾಮ್ರಾಜ್ಯದ ಲೆಕ್ಕ ಇಟ್ಟಿದ್ದರು. ಕಿಪು ಅಂತ ಅದಕ್ಕೆ ಹೆಸರು. ಬಿಡಿ, ಹತ್ತು, ನೂರು ಎಂದು ಗಂಟಿನ ಜಾಗದ ಮೇಲೆ ಬೆಲೆ. ಸ್ಪೇನಿನವರು ಬಂದ ಮೊದಲಿಗೆ ತಮ್ಮ ಕೋರ್ಟುಗಳಲ್ಲಿ ಕಿಪು ಓದುವವರ ಸಾಕ್ಷಿಯನ್ನು ಒಪ್ಪಿದರು. ಆಮೇಲೆ 1583ರಲ್ಲಿ ಲಿಮಾದ ಪಾದ್ರಿಗಳ ಸಭೆ ಅವು ವಿಗ್ರಹಾರಾಧನೆಯ ಸಾಮಾನು ಎಂದು ನಾಶಮಾಡಲು ಹೇಳಿತು. ಅದಕ್ಕೂ ಮುಂಚೆ 1562ರಲ್ಲಿ ಮೆಕ್ಸಿಕೋದ ಮಾನಿ ಎಂಬಲ್ಲಿ ದಿಯೆಗೋ ದೆ ಲಾಂದಾ ಎಂಬ ಪಾದ್ರಿ ಮಾಯಾ ಜನರ ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟ. ಗೋಡೆಗೆ ಸುಣ್ಣ ಬಳಿದರೆ ಗೀಟು ಹೋಗುತ್ತದೆ ಎಂಬುದು ಎಲ್ಲ ಯಜಮಾನರಿಗೂ ಗೊತ್ತು.

ಹಾಗಾದರೆ ಅಕ್ಷರ ಉಗ್ರಾಣದವರ ಕೈಯಲ್ಲೇ ಉಳಿಯಿತೇ? ಇಲ್ಲ. ಅದು ಕೈ ಬದಲಾಯಿಸಿದ ಒಂದು ಜಾಗ ಸಿನಾಯ್ ಮರುಭೂಮಿಯಲ್ಲಿದೆ. ಸೆರಾಬಿತ್ ಎಲ್ ಖಾದಿಮ್ ಎಂಬಲ್ಲಿ ಈಜಿಪ್ಟಿನ ದೊರೆಗಳು ನೀಲಿಹಸಿರು ಹರಳಿನ ಗಣಿ ನಡೆಸುತ್ತಿದ್ದರು. 1905ರಲ್ಲಿ ಫ್ಲಿಂಡರ್ಸ್ ಪೆಟ್ರಿ ಅಲ್ಲಿ ಒಂದು ವಿಚಿತ್ರ ಬರಹ ಕಂಡ. ಚಿತ್ರಗಳು ಈಜಿಪ್ಟಿನವು, ಆದರೆ ಭಾಷೆ ಅಲ್ಲಿನದಲ್ಲ. ಗಣಿಗೆ ಬಂದಿದ್ದ ಕನಾನ್ ಸೀಮೆಯವರದು. ಸುಮಾರು 3800 ವರ್ಷಗಳ ಹಿಂದಿನವು. ಈಜಿಪ್ಟಿನ ಲಿಪಿಕಾರನಿಗೆ ನೂರಾರು ಚಿತ್ರಾಕ್ಷರಗಳು ಬೇಕಾಗಿದ್ದವು, ಕಲಿಯಲು ವರ್ಷಗಟ್ಟಲೆ ಬೇಕಾಗಿತ್ತು. ಇವರು ಮಾಡಿದ್ದು ಸರಳ: ಎತ್ತಿನ ತಲೆ ಬರೆದು, ತಮ್ಮ ಭಾಷೆಯಲ್ಲಿ ಎತ್ತಿಗಿದ್ದ 'ಅಲ್ಪ್' ಎಂಬ ಪದದ ಮೊದಲ ದನಿಯನ್ನು ಮಾತ್ರ ಇಟ್ಟುಕೊಂಡರು. ಮನೆ ಬರೆದರೆ 'ಬೇತ್', ಅದರ ಬ. ನೀರಿನ ಅಲೆ ಬರೆದರೆ 'ಮೇಮ್', ಅದರ ಮ. ಇಪ್ಪತ್ತು ಚಿಲ್ಲರೆ ಗುರುತು, ಮುಗಿಯಿತು. ಇಂಗ್ಲಿಷಿನ ಎ ಅಕ್ಷರವನ್ನು ತಲೆಕೆಳಗು ಮಾಡಿ ನೋಡಿ, ಎರಡು ಕೊಂಬಿನ ಎತ್ತು ಇನ್ನೂ ಅಲ್ಲೇ ಇದೆ.

ಓರ್ಲಿ ಗೋಲ್ಡ್‌ವಾಸರ್ ಎಂಬ ವಿದುಷಿಯ ವಾದವೇನೆಂದರೆ, ಇದನ್ನು ಮಾಡಿದವರು ಈಜಿಪ್ಟಿನ ಬರಹ ಓದಲು ಬಾರದ ಗಣಿಯ ಜನ; ಓದಲು ಬರುತ್ತಿರಲಿಲ್ಲವಾದ್ದರಿಂದಲೇ ಅದನ್ನು ಮುರಿಯುವ ಧೈರ್ಯ ಬಂತು. ಅಲ್ಲ, ಬರವಣಿಗೆ ಬಲ್ಲ ಲಿಪಿಕಾರರೇ ಮಾಡಿದ್ದು ಎನ್ನುವ ವಿದ್ವಾಂಸರೂ ಇದ್ದಾರೆ. ನನ್ನ ಮನಸ್ಸು ಗೋಲ್ಡ್‌ವಾಸರ್ ಕಡೆಗಿದೆ, ಪೀಣ್ಯದವನಾದ್ದರಿಂದ ಅಂದುಕೊಳ್ಳಿ. ಎರಡೂ ಕಡೆಯವರು ಒಪ್ಪುವುದು ಇಷ್ಟು: ಫಿನೀಷಿಯನ್, ಗ್ರೀಕ್, ಹೀಬ್ರೂ, ಅರಾಮಿಕ್, ಅರಬ್ಬೀ, ರೋಮನ್ ಲಿಪಿಗಳೆಲ್ಲದರ ಬೇರು ಈ ಬಗೆಯ ಬರಹದಲ್ಲಿದೆ, ಅರಮನೆಯ ಚಿತ್ರಾಕ್ಷರದಲ್ಲಿ ನೇರವಾಗಿ ಅಲ್ಲ.

ನಮ್ಮ ಬ್ರಾಹ್ಮಿಯೂ ಅರಾಮಿಕ್ ಮೂಲದ್ದೋ, ಇಲ್ಲಿಯದೇ ಹುಟ್ಟೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಕರ್ನಾಟಕದಲ್ಲಿ ಅದರ ಗಟ್ಟಿ ಗುರುತು ಸಿಕ್ಕುವುದು ಕ್ರಿಸ್ತಪೂರ್ವ 3ನೇ ಶತಮಾನದ ಅಶೋಕನ ಶಾಸನಗಳಲ್ಲಿ. 1892ರಲ್ಲಿ ಬಿ.ಎಲ್. ರೈಸ್ ಚಿತ್ರದುರ್ಗ ಸೀಮೆಯ ಮೊಳಕಾಲ್ಮೂರು ಬಳಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಇವನ್ನು ಪತ್ತೆ ಮಾಡಿದರು. ಅಲ್ಲಿ ಅಶೋಕ ಹೇಳುವುದರಲ್ಲಿ ಒಂದು ಮಾತು ಅಂಬೇಡ್ಕರ್ ಓದಿದವರಿಗೆ ಹತ್ತಿರದ್ದು: ಈ ಫಲ ದೊಡ್ಡವರಿಗಷ್ಟೇ ಅಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸಿಕ್ಕುತ್ತದೆ ಎಂಬ ಅರ್ಥದ್ದು. ಕೊನೆಯಲ್ಲಿ ಬರೆದವನ ಹೆಸರಿದೆ, ಚಪಡ. ಅವನು ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು 'ಲಿಪಿಕಾರನಿಂದ' ಎಂಬ ಅರ್ಥದ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ದೂರದ ಗಾಂಧಾರದ ಕಡೆಯ, ಬಲದಿಂದ ಎಡಕ್ಕೆ ಓಡುವ ಲಿಪಿ. ಸಾಮ್ರಾಟನ ಆಜ್ಞೆಯ ಬಾಲದಲ್ಲಿ ಒಬ್ಬ ನೌಕರ ತನ್ನ ಕೈಚಳಕ ತೋರಿಸಿಕೊಂಡ ಗುರುತು ಇದು. ನನಗೆ ಆ ಆಸಾಮಿ ಇಷ್ಟ.

ಆ ಬ್ರಾಹ್ಮಿಯೇ ನಮ್ಮ ಕನ್ನಡ ಅಕ್ಷರ. ಅಶೋಕನ ಕಾಲದ 'ಕ' ಕೂಡುವ ಚಿಹ್ನೆಯ ಹಾಗಿತ್ತು. 'ಗ' ಒಂದು ಸೂರಿನ ಹಾಗೆ, 'ರ' ಬರೀ ನೆಟ್ಟನೆ ಗೀಟು. ಕದಂಬರು, ಗಂಗರು, ಚಾಲುಕ್ಯರ ಕಾಲ ದಾಟುತ್ತ ಗೀಟುಗಳು ಬಾಗಿದವು, ತಲೆಕಟ್ಟು ಬಂತು. ನೇರ ಗೀಟಿಗೆ ಓಲೆಗರಿ ಸೀಳುತ್ತದೆ, ಅದಕ್ಕೇ ದುಂಡಾದವು ಅಂತಾರೆ. ಕನ್ನಡ ತೆಲುಗು ಎರಡಕ್ಕೂ ಬಹುಕಾಲ ಒಂದೇ ಲಿಪಿ ಇತ್ತು. ಎಲ್ಲ ಬದಲಾದರೂ ಅಶೋಕನ ದುಂಡು 'ಠ' ಮಾತ್ರ ಇವತ್ತಿಗೂ ದುಂಡಗೇ ಕೂತಿದೆ. ಇದರ ಕಟ್ಟುವಿಕೆಯೂ ಸಿನಾಯ್ ಬರಹದ್ದಕ್ಕಿಂತ ಬೇರೆ. ಅಲ್ಲಿ ವ್ಯಂಜನಕ್ಕೊಂದು ಗುರುತು, ಸ್ವರವನ್ನು ಓದುವವನೇ ತುಂಬಿಕೊಳ್ಳಬೇಕು. ಚೀನಾದಲ್ಲಿ ಹೆಚ್ಚುಕಡಿಮೆ ಒಂದೊಂದು ಪದಕ್ಕೆ ಒಂದೊಂದು ಗುರುತು. ನಮ್ಮಲ್ಲಿ ಕ ಎಂದರೆ ಅದರೊಳಗೆ ಅಕಾರ ಕೂತೇ ಇರುತ್ತದೆ. ಕೊಂಬು, ಇಳಿ, ದೀರ್ಘ ಹಚ್ಚಿ ಸ್ವರ ಬದಲಾಯಿಸುತ್ತೇವೆ, ಎರಡನೇ ವ್ಯಂಜನವನ್ನು ಒತ್ತಾಗಿ ಕೆಳಗಿಡುತ್ತೇವೆ. ಕಾಗುಣಿತ ಒಮ್ಮೆ ಹಿಡಿತಕ್ಕೆ ಸಿಕ್ಕರೆ ಓದು ಓಡುತ್ತದೆ. ವಯಸ್ಕರಿಗೆ ಕಲಿಸುವಾಗ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ.

ಈಗ ಆ ಅಕ್ಷರ ನಮ್ಮ ಸುತ್ತಲಿನ ಕಲ್ಲುಗಳಲ್ಲಿ ಏನು ಬರೆದಿದೆ ನೋಡೋಣ. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹೊಸೂರು ರಸ್ತೆಯಿಂದ ಸ್ವಲ್ಪ ಒಳಗೆ ಬೇಗೂರು. ಅಲ್ಲಿನ ನಾಗೇಶ್ವರ ಗುಡಿಯಲ್ಲಿ ಸುಮಾರು 890ರ ಕಾಲದ ಕಲ್ಲೊಂದಿದೆ. ನಾಗತ್ತರ ಎಂಬ ಗಂಗರ ಸಾಮಂತನ ಕಡೆಯ ಒಬ್ಬ ಬೆಂಗಳೂರಿನ ಕಾಳಗದಲ್ಲಿ ಸತ್ತ ಎಂದು ಅದು ಹೇಳುತ್ತದೆ. ಬೆಂಗಳೂರು ಎಂಬ ಹೆಸರು ಒಂದು ಸಾವಿನ ಲೆಕ್ಕದಲ್ಲಿ ಚರಿತ್ರೆಗೆ ಬಂದಿದೆ. ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕಿದ, ಸುಮಾರು 750ರ ಕಿತ್ತಯ್ಯನ ಕಲ್ಲು ಅದಕ್ಕೂ ಹಳೆಯದು, ಅದೂ ಊರಿಗಾಗಿ ಸತ್ತವನದು. ವೈಟ್‌ಫೀಲ್ಡ್ ಪಕ್ಕದ ಕಾಡುಗೋಡಿಯಲ್ಲಿ ಚೋಳರ ಕಾಲದ, 1043ರ ತಮಿಳು ಶಾಸನವಿದೆ. ಪಟ್ಟಂದೂರು ಕೆರೆ ಕಟ್ಟಿಸಿದ್ದನ್ನೂ ದೇವರುಗಳನ್ನು ಪ್ರತಿಷ್ಠೆ ಮಾಡಿದ್ದನ್ನೂ ಅದು ದಾಖಲಿಸುತ್ತದೆ. ಕಟ್ಟಿಸಿದವನ ಹೆಸರಿದೆ, ಗಣಪತಿ, ದುರ್ಗೆ, ಕ್ಷೇತ್ರಪಾಲರ ಹೆಸರುಗಳಿವೆ. ಮಣ್ಣು ಹೊತ್ತವರ ಹೆಸರಿಲ್ಲ. ಅನೇಕ ಶಾಸನಗಳ ಕೊನೆಯಲ್ಲಿ ಪಠ್ಯ ರಚಿಸಿದವನ, ಕಲ್ಲು ಕಂಡರಿಸಿದವನ ಹೆಸರೂ ಬರುತ್ತದೆ. ಹೆಸರಿನ ಪಟ್ಟಿ ಅಲ್ಲಿಗೆ ನಿಲ್ಲುತ್ತದೆ. ಮಂಡ್ಯ ಸೀಮೆಯ ಆತಕೂರಿನಲ್ಲಿ 10ನೇ ಶತಮಾನದಲ್ಲಿ ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ನೆಟ್ಟಿದ್ದಾರೆ. ನಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಕೆರೆ ತೋಡಿದವರ ಹೆಸರನ್ನು ಯಾವ ಕಲ್ಲಿನಲ್ಲಿ ಹುಡುಕಬೇಕು ಎಂದು ಕೇಳುತ್ತಿದ್ದೇನೆ.

ಇನ್ನೊಂದು ಬರಹ ಕಲ್ಲಿಲ್ಲದೆಯೇ ಉಳಿದಿದೆ, ಊರ ಹೆಸರುಗಳಲ್ಲಿ. 1978ರಲ್ಲಿ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟ 332 ಎಕರೆ ಇದ್ದದ್ದು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನಲ್ಲಿ. ವೈಟ್‌ಫೀಲ್ಡಿನ ಐಟಿಪಿಎಲ್ ಎದ್ದದ್ದು ಪಟ್ಟಂದೂರು ಅಗ್ರಹಾರದಲ್ಲಿ. ಸೆಂಟ್ರಲ್ ಜೈಲಿರುವುದೂ ಪರಪ್ಪನ ಅಗ್ರಹಾರದಲ್ಲೇ. ಅಗ್ರಹಾರವೆಂದರೆ ವಿದ್ವಾಂಸ ಬ್ರಾಹ್ಮಣರಿಗೆ ದಾನ ಬಿಟ್ಟ ಊರು. ತಾಮ್ರಪಟ ಸಿಗಲಿ ಬಿಡಲಿ, ಹೆಸರೇ ದಾನಪತ್ರ. ದಾನಶಾಸನಗಳ ಕೊನೆಯಲ್ಲಿ ಒಂದು ಶಾಪ ಬರುತ್ತದೆ: ಈ ಭೂಮಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗುತ್ತಾನೆ ಎಂಬುದು ಅದರ ಒಂದು ರೂಪ. ಅಕ್ಷರ ಬಲ್ಲವನು ಊಹಿಸಬಲ್ಲ ಅತ್ಯಂತ ಘೋರ ಶಿಕ್ಷೆ ಅದು. ತಮ್ಮದಲ್ಲದ ಮಲವನ್ನು ತಲೆಮಾರುಗಟ್ಟಲೆ ಹೊತ್ತವರು ಯಾವ ಭೂಮಿ ಕಿತ್ತುಕೊಂಡಿದ್ದರು ಎಂದು ಆ ಶಾಸನ ಬರೆದವರನ್ನು ಕೇಳಲು ಅವರಿಗೆ ಅಕ್ಷರ ಗೊತ್ತಿರಲಿಲ್ಲ.

ಗೊತ್ತಾಗದಂತೆ ನೋಡಿಕೊಳ್ಳುವುದು ಒಂದು ನಮ್ಮ ದೇಶದ ಹುನ್ನಾರವಷ್ಟೇ ಅಲ್ಲ. ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ 1740ರ ಕಾನೂನು ಗುಲಾಮರಿಗೆ ಬರೆಯಲು ಕಲಿಸುವುದನ್ನು ಅಪರಾಧ ಮಾಡಿತು. ಗಮನಿಸಿ, ಓದಲು ಕಲಿಸುವುದನ್ನಲ್ಲ, ಬರೆಯಲು. ಓದುವವನು ಆಜ್ಞೆ ಪಾಲಿಸುತ್ತಾನೆ. ಬರೆಯುವವನು ತನ್ನ ರಹದಾರಿಯನ್ನು ತಾನೇ ಬರೆದುಕೊಳ್ಳುತ್ತಾನೆ. 1830ರ ದಶಕದಲ್ಲಿ ಮೇರಿಲ್ಯಾಂಡಿನಿಂದ ಓಡಿಹೋಗಲು ಮೊದಲ ಸಲ ಯತ್ನಿಸಿದಾಗ ಫ್ರೆಡರಿಕ್ ಡಗ್ಲಸ್ ಮಾಡಿದ್ದು ಅದನ್ನೇ, ಯಜಮಾನನ ಹೆಸರಿನಲ್ಲಿ ತನಗೂ ಗೆಳೆಯರಿಗೂ ಪಾಸು ಬರೆದದ್ದು. ಫ್ಯಾಕ್ಟರಿ ಗೇಟಿನಲ್ಲಿ ಪಾಸು ತೋರಿಸಿ ಒಳಗೆ ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬರೆಯಲು ಬಿಡದವರಿಗೆ ಉಳಿದದ್ದು ಹೆಬ್ಬೆಟ್ಟು. ಅದಕ್ಕೂ ಚರಿತ್ರೆ ಇದೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಶೆಲ್ ಎಂಬ ಅಧಿಕಾರಿ, ರಸ್ತೆಗೆ ಜಲ್ಲಿ ಒದಗಿಸುವ ರಾಜ್ಯಧರ ಕೊನಾಯಿ ಎಂಬುವನ ಕರಾರುಪತ್ರದ ಮೇಲೆ ಅವನ ಇಡೀ ಅಂಗೈಯನ್ನು ಮಸಿಯಲ್ಲಿ ಒತ್ತಿಸಿಕೊಂಡ. ಕೊನಾಯಿಗೆ ರುಜು ಹಾಕಲು ಬರುತ್ತಿತ್ತು. ನಾಳೆ ಈ ರುಜು ನನ್ನದಲ್ಲ ಅಂದುಬಿಟ್ಟರೆ ಎಂಬ ಅನುಮಾನಕ್ಕೆ, ಹೆದರಿಸಲಿಕ್ಕೆ, ಹಾಗೆ ಮಾಡಿದೆ ಎಂದು ಹರ್ಶೆಲನೇ ಹೇಳಿಕೊಂಡಿದ್ದಾನೆ. 1897ರಲ್ಲಿ ಕಲಕತ್ತಾದಲ್ಲಿ ಬೆರಳಚ್ಚಿನ ಕಚೇರಿಯೇ ಬಂತು. ಆ ಬೆರಳುಗಳನ್ನು ವರ್ಗೀಕರಿಸುವ ಲೆಕ್ಕಾಚಾರದ ಹಿಂದೆ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ದೇಶೀಯರ ಕೆಲಸವಿತ್ತು; ಬಹುಕಾಲ ಹೆಸರು ನಡೆದದ್ದು ಮೇಲಧಿಕಾರಿ ಹೆನ್ರಿಯದು. ಈಗ ಪೀಣ್ಯದಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಎಷ್ಟೋ ಗೇಟುಗಳಲ್ಲಿ ಇಂಜಿನಿಯರನೂ ಹೆಬ್ಬೆಟ್ಟೇ, ಕಸ ಗುಡಿಸುವವಳೂ ಹೆಬ್ಬೆಟ್ಟೇ. ಸಮಾನತೆ ಬಂತು ಅಂತ ನಗಬಹುದು. ಆದರೆ ಸಿಮೆಂಟು, ಆಸಿಡ್ಡು, ಕಲ್ಲಿನಲ್ಲಿ ಗೆಯ್ದು ರೇಖೆ ಸವೆದ ಬೆರಳನ್ನು ಮಿಷನ್ನು ಓದುವುದಿಲ್ಲ. ಕೆಲಸ ಮಾಡಿದ್ದಕ್ಕೇ ಹಾಜರಿ ಇಲ್ಲದಂತಾಗುವುದು ಇಲ್ಲಿ ಮಾತ್ರ. ಏಕಲವ್ಯನನ್ನು ನಾನು ಎಳೆದು ತರುವುದಿಲ್ಲ, ಓದುಗರೇ ತಂದುಕೊಂಡಿರುತ್ತೀರಿ.

ಹಾಗಂತ ಲಿಪಿಯ ಚರಿತ್ರೆ ಬರೀ ಸೋತವರದ್ದಲ್ಲ. ಸಿನಾಯ್ ಗಣಿಯಲ್ಲಿ ನಡೆದಂಥದ್ದು ಮತ್ತೆ ಮತ್ತೆ ನಡೆದಿದೆ. ಅಮೆರಿಕದ ಚೆರೊಕೀ ಬುಡಕಟ್ಟಿನ ಸೆಕ್ವೋಯಾ ಬೆಳ್ಳಿ ಕೆಲಸದವನು. ಇಂಗ್ಲಿಷ್ ಓದಲು ಬಾರದು. ಬಿಳಿಯರ ಕಾಗದದಲ್ಲಿ ಮಾತು ಕೂತಿರುತ್ತದೆ ಎಂದು ಕಂಡು, ವರ್ಷಗಟ್ಟಲೆ ಕೂತು 1821ರ ಹೊತ್ತಿಗೆ ಎಂಬತ್ತಕ್ಕೂ ಹೆಚ್ಚು ಅಕ್ಷರಗಳನ್ನು ತನ್ನ ಭಾಷೆಗೆ ಕಟ್ಟಿದ. ಕೆಲವನ್ನು ಇಂಗ್ಲಿಷಿನಿಂದ ಆಕಾರ ಮಾತ್ರ ಎತ್ತಿಕೊಂಡ. ಡಬ್ಲ್ಯೂ ಥರ ಕಾಣುವುದು ಅಲ್ಲಿ 'ಲ'. 1828ಕ್ಕೆ ಅವರದೇ ಪತ್ರಿಕೆ ಬಂತು. ಕೊರಿಯಾದಲ್ಲಿ ಲಿಪಿ ಮಾಡಿದವನು ರಾಜನೇ, ಸೆಜೊಂಗ್. ನಾಲಿಗೆ, ಗಂಟಲು, ತುಟಿ ನಿಲ್ಲುವ ರೀತಿಯನ್ನೇ ಗುರುತು ಮಾಡಿ 1446ರಲ್ಲಿ ಹೊರಡಿಸಿದ. ಚೀನೀ ಅಕ್ಷರ ಕಲಿತ ಪಂಡಿತರು ಅದಕ್ಕೆ ಮೊದಲೇ, 1444ರಲ್ಲೇ, ಇದು ಅನಾಗರಿಕರ ದಾರಿ ಎಂದು ಅರ್ಜಿ ಕೊಟ್ಟರು. ಅದನ್ನು ಉಳಿಸಿಕೊಂಡವರಲ್ಲಿ ಹೆಂಗಸರದು ದೊಡ್ಡ ಪಾಲು. ನಮ್ಮ ಒಡಿಶಾದ ಮಯೂರಭಂಜಿನಲ್ಲಿ ರಘುನಾಥ ಮುರ್ಮು 1925ರಲ್ಲಿ ಸಂತಾಲಿ ಭಾಷೆಗೆ ಓಲ್ ಚಿಕಿ ರೂಪಿಸಿದರು. ಸಂತಾಲಿ 2003ರ ತಿದ್ದುಪಡಿಯಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದ ಸೇರಿತು.

ನಮ್ಮ ಕೇರಿಗಳಲ್ಲಿ ಯಾರೂ ಹೊಸ ಲಿಪಿ ಮಾಡಲಿಲ್ಲ. ನಾವು ಮಾಡಿದ್ದು ಇದ್ದ ಅಕ್ಷರವನ್ನು ಗೋಡೆಗೆ ತಂದದ್ದು. 1970, 80ರ ದಶಕಗಳಲ್ಲಿ ದಲಿತ ಸಂಘರ್ಷ ಸಮಿತಿಯ ಹುಡುಗರು ನೀಲಿ ಡಬ್ಬ ಹಿಡಿದು ರಾತ್ರಿಯೆಲ್ಲ ಗೋಡೆ ಬರೆಯುತ್ತಿದ್ದರು. 'ದಲಿತ ಸಂಗರ್ಷ ಸಮಿತಿ' ಎಂದೋ 'ಜೈ ಬೀಮ್' ಎಂದೋ ಬರೆದದ್ದನ್ನು ನೋಡಿ ಮೇಷ್ಟ್ರುಗಳು ನಗುತ್ತಿದ್ದರು. ಮಹಾಪ್ರಾಣ ಇಲ್ಲವಲ್ಲ! ಇಲ್ಲಿ ಒಂದು ತೊಡಕಿನ ವಿಷಯವಿದೆ. ಕನ್ನಡದ್ದೇ ದನಿಗಳಾದ ಱ, ೞ ಎರಡೂ ಅಕ್ಷರಮಾಲೆಯಿಂದ ಬಿದ್ದುಹೋದವು, ಯಾಕಂದ್ರೆ ಆಡುಬಾಯಲ್ಲಿ ಅವು ಉಳಿಯಲಿಲ್ಲ. ಬಹುಪಾಲು ಕನ್ನಡಿಗರ ಬಾಯಲ್ಲಿ ಎಂದೂ ನೆಲೆಯೂರದ ಖ, ಘ, ಛ, ಝ ಮಾತ್ರ ಗಟ್ಟಿಯಾಗಿ ಕೂತಿವೆ. ಡಿ.ಎನ್. ಶಂಕರ ಭಟ್ಟರು ಇದೇ ತರ್ಕದಿಂದ ಮಹಾಪ್ರಾಣಗಳನ್ನು ಬಿಡಬೇಕೆಂದು ವಾದಿಸಿದರು. ಅವು ಹಿಂದುಳಿದವರ ಮಕ್ಕಳ ಕಲಿಕೆಗೆ ಅಡ್ಡಿ ಎಂಬುದು ಅವರ ಕಾಳಜಿ. ವಾದ ಸರಿಯಾಗಿಯೇ ಇದೆ. ಆದರೆ ನಮ್ಮ ಜನರನ್ನು ಕೇಳಿ ನೋಡಿ. 'ಬೀಮ' ಅಂತಲೇ ಕರೆಯುವ ತಾಯಿ ಮಗನ ಹೆಸರನ್ನು ಶಾಲೆಯಲ್ಲಿ 'ಭೀಮ' ಎಂದೇ ಬರೆಸುತ್ತಾಳೆ. ಬುದ್ಧನಿಗೆ ಒತ್ತು ಕಡಿಮೆ ಮಾಡಿದರೆ ಜಗಳಕ್ಕೆ ಬರುತ್ತಾರೆ. ಏಟು ತಿಂದು ಕಲಿತ ಅಕ್ಷರವನ್ನು, ಕಲಿತ ಮಾರನೇ ದಿನ ಬೇಡ ಅಂತ ಬಿಟ್ಟುಕೊಡಲು ಅವರು ತಯಾರಿಲ್ಲ. ನನಗೆ ಕಾಣುವ ದಾರಿ ಎಂದರೆ ಅಕ್ಷರ ಇರಲಿ, ಅದಿಲ್ಲದೆ ಬರೆದವನನ್ನು ನಗುವುದು ನಿಲ್ಲಲಿ. ದೇವನೂರ ಮಹಾದೇವ ಕೇರಿಯ ಬಾಯಿಮಾತನ್ನು ಅದರ ಉಸಿರಿನಂತೆಯೇ ಬರೆದ 'ಕುಸುಮಬಾಲೆ'ಗೆ 1990ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೇ ಕಾಗುಣಿತದಲ್ಲಿ ಏಳನೇ ಕ್ಲಾಸಿನ ಹುಡುಗ ಬರೆದರೆ ಇವತ್ತಿಗೂ ಕೆಂಪು ಗೀಟು.

ಕಂಪ್ಯೂಟರಿನ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. 1991ರ ಮೊದಲ ಯೂನಿಕೋಡಿನಲ್ಲೇ ಕನ್ನಡ ಲಿಪಿಗೆ ಜಾಗ ಸಿಕ್ಕಿತು. ತುಳು ಲಿಪಿ ಕಾದದ್ದು 2024ರವರೆಗೆ. ಹೀಗೆ ಲೋಕದ ಲಿಪಿಗಳೆಲ್ಲ ಅಂಕೆಗಳಾಗಿ ಹರಿಯುವ ಕಟ್ಟಡಗಳನ್ನು ಗುಡಿಸುವ, ಕಾಯುವ ನಮ್ಮವರು ಫೋನಿನಲ್ಲಿ ಟೈಪು ಮಾಡುವುದು ಕಡಿಮೆ. ದನಿ ಮುದ್ರಿಸಿ ಕಳಿಸುತ್ತಾರೆ. ಮೌಖಿಕ ಪರಂಪರೆ ಸತ್ತಿತು ಎಂದು ಸೆಮಿನಾರುಗಳಲ್ಲಿ ಶ್ರಾದ್ಧ ಮಾಡುವವರು ಒಮ್ಮೆ ಇವರ ಫೋನು ಕೇಳಬೇಕು.

ಪೀಣ್ಯ ದಾಸರಹಳ್ಳಿಯ ನಮ್ಮ ಸಂಜೆ ತರಗತಿಗೆ ಈಗ ಬರುವವರು ಹೆಚ್ಚಾಗಿ ಗಾರ್ಮೆಂಟಿನ, ಹೌಸ್‌ಕೀಪಿಂಗಿನ ಹೆಂಗಸರು. ಹಿಂದೆ ಸಾಕ್ಷರತಾ ಆಂದೋಲನದ ಕಾಲದಲ್ಲಿ ರ, ಸ, ಗ ಎಂದು ಸುಲಭದ ಅಕ್ಷರದಿಂದ ಶುರು ಮಾಡುತ್ತಿದ್ದೆವು. ಇವರು ಅದಕ್ಕೆ ಒಪ್ಪಲಿಲ್ಲ. ಸಂಬಳದ ಚೀಟಿ ತಂದು ಮುಂದಿಟ್ಟರು. ಅದು ಇಂಗ್ಲಿಷಿನಲ್ಲಿದೆ. ಈಗ ನಾವು ಅದರ ಒಂದೊಂದು ಸಾಲನ್ನೂ ಕನ್ನಡದಲ್ಲಿ ಬೋರ್ಡಿನ ಮೇಲೆ ಬರೆದು, ಆ ಪದಗಳಿಂದಲೇ ಅಕ್ಷರ ಬಿಡಿಸಿ ಕಲಿಸುತ್ತೇವೆ: ಹಾಜರಿ, ರಜೆ, ಮೂಲವೇತನ, ಪಿಎಫ್, ಇಎಸ್‌ಐ. ಮೊದಲ ವಾರ ಅವರೆಲ್ಲ ತಪ್ಪಿಲ್ಲದೆ ಬರೆದ ಪದ 'ಕಡಿತ'. ಎರಡನೇ ವಾರ ಒಬ್ಬಾಕೆ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ತಾರೀಕು ಹಾಕಿ ಗೀಟು ಎಳೆದುಕೊಂಡು ಬಂದಿದ್ದಳು. ಚೀಟಿಯಲ್ಲಿ ಇಪ್ಪತ್ತನಾಲ್ಕು, ಅವಳ ಹಾಳೆಯಲ್ಲಿ ಇಪ್ಪತ್ತಾರು. ಉಳಿದವರೂ ಅವತ್ತು ಪಾಠ ಬಿಟ್ಟು ತಮ್ಮ ತಮ್ಮ ಚೀಟಿ ಎಣಿಸಲು ಕೂತರು.